ಕೊನೆಗೌಡ ಮುಗಿದ, ಮಹಾಸಭೆ ಮುಗಿದಿಲ್ಲ

ಸಿರ್ಸಿ ಸೀಮೆಯ ತೋಟದ ಮನೆಗಳಲ್ಲಿ ಕೊಯ್ಲಿನ ಕಾಲಕ್ಕೆ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನಿಗಿಂತ ದೊಡ್ಡ ಮನುಷ್ಯ ಇಲ್ಲ. ಕೆಂಪಡಿಕೆ ಮಾಡುವವರು ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಬೇಕು. ಹಣ್ಣಾಗಿಬಿಟ್ಟರೆ ಅದು ಬಿಸಿಲಿಗೆ ಒಣಗಿಸಿ ಸುಲಿಯುವ ಚಾಲಿ ಅಡಿಕೆಗೇ ಸರಿ. ಮರ ಹತ್ತುವವರೋ ಕಡಿಮೆ. ಹಾಗಾಗಿ ಮನೆಮಂದಿಯೆಲ್ಲ ಅವನ ದಾರಿ ಕಾಯುತ್ತಾರೆ. ನಾನು ಬರೆದು ಮುಗಿಸಿದ ನಗೆಕಥೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಕಾಯುವಿಕೆಯ ಕಥೆ.

ಅದರಲ್ಲಿ ಕೊನೆಗೌಡ ಬರುವ ದಿನವೇ ಬೆಂಗಳೂರಿನಿಂದ ಅಳಿಯನೂ ಬರುತ್ತಾನೆ. ಮೊದಲ ಕರಡಿನಲ್ಲಿ ‘ಅಳಿಯನಿಗೂ ಸಿಗದ ಉಪಚಾರ ಗೌಡನಿಗೆ ಸಿಕ್ಕಿತು’ ಎಂದು ನಾನೇ ಹೇಳಿಬಿಟ್ಟಿದ್ದೆ. ತಿದ್ದುವಾಗ ಆ ವಾಕ್ಯ ತೆಗೆದೆ. ಈಗ ಗೌಡನ ಬಾಳೆಗೆ ಬಿಸಿ ತೆಳ್ಳೇವು ಎಂಬ ತೆಳು ದೋಸೆ, ಜೋನಿ ಬೆಲ್ಲ ಬೀಳುತ್ತಲೇ ಇರುತ್ತವೆ. ಅಳಿಯ ಜಗಲಿಯಲ್ಲಿ ಬ್ಯಾಗು ಇಟ್ಟುಕೊಂಡು ಕೂತಿರುತ್ತಾನೆ. ಕೊನೆಗೆ ಗೌಡನೇ ಕೇಳುತ್ತಾನೆ: “ಹೆಗಡೇರೆ, ಅಲ್ಲಿ ಕೂತವ್ರು ಯಾರು?” “ಅವನಾ, ನಮ್ಮ ಅಳಿಯ.” “ಅವರಿಗೂ ಒಂದು ತೆಳ್ಳೇವು ಹಾಕ್ಸಿ.” ಕಥೆ ಅಲ್ಲಿಗೆ ಮುಗಿಯಿತು.

ಹಾಸ್ಯದಲ್ಲಿ ನಾನು ಬಿಡದೆ ಹಿಡಿದಿರುವ ಸೂತ್ರ ಇದೊಂದೇ: ಕಥೆಯೊಳಗಿನವರು ಯಾರೂ ನಗಬಾರದು. ಹೆಗಡೆಯವರಿಗೆ ಅಡಿಕೆ ಇಳಿಯಬೇಕು, ಅಳಿಯನಿಗೆ ಹಸಿವು; ಇಬ್ಬರದೂ ಅಪ್ಪಟ ಸಂಕಟ. ಪಾತ್ರಕ್ಕೆ ಏನು ಬೇಕು ಎಂದು ನನಗೆ ಗೊತ್ತಾದ ಕಥೆಗಳೆಲ್ಲ ಮುಗಿದಿವೆ. ಬರೀ ಸನ್ನಿವೇಶ ಚೆನ್ನಾಗಿದೆ ಎಂದು ಶುರುವಾದವು ನಿಂತಿವೆ.

ಹಾಗೆ ನಿಂತದ್ದರಲ್ಲಿ ದೊಡ್ಡದು ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯ ಕಾದಂಬರಿ. ನೋಟಿಸಿನಲ್ಲಿ ಅಚ್ಚಾಗುವ ಒಂದೊಂದು ವಿಷಯವೂ ಒಂದೊಂದು ಅಧ್ಯಾಯ. ‘ಗತ ಸಭೆಯ ನಡಾವಳಿ ಓದಿ ದೃಢೀಕರಿಸುವುದು’ ಸಲೀಸಾಗಿ ಬಂತು. ಜಮಾ-ಖರ್ಚಿನ ಅಧ್ಯಾಯದಲ್ಲಿ ಚಹಾ-ಅವಲಕ್ಕಿಯ ಖರ್ಚಿನ ಮೇಲೆ ನಡೆಯುವ ಜಗಳ ಈಗ ಓದಿದರೂ ನಗು ಬರುತ್ತದೆ. ಆದರೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’ ಎಂಬಲ್ಲಿಗೆ ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಾರಿಗೂ ಏನೂ ಬೇಕಾಗಿರಲಿಲ್ಲ, ಮಾತಾಡಬೇಕಿತ್ತು ಅಷ್ಟೆ.

ಇನ್ನೊಂದು, ಗುಡ್ಡದ ಬಂಡೆಯ ಮೇಲೆ ಮಾತ್ರ ಮೊಬೈಲ್ ಸಿಗ್ನಲ್ ಸಿಗುವ ಊರಿನದು. ನಿವೃತ್ತ ಮೇಷ್ಟ್ರು ಮಗನಿಗೆ ಫೋನು ಮಾಡಲು ಸಂಜೆ ಹೊತ್ತು ಅಲ್ಲಿಗೆ ಹತ್ತುತ್ತಾರೆ. ಸಾಲಿನಲ್ಲಿ ನಿಂತವರೆಲ್ಲ ಅವರ ಮನೆಯ ಗುಟ್ಟು ಕೇಳಿಸಿಕೊಳ್ಳುತ್ತಾರೆ. ನಾಲ್ಕಾರು ಪುಟಕ್ಕೆ ಸಾಕಾದ ಸರಕು. ಪತ್ತೇದಾರಿ ಅಣಕವೊಂದಿದೆ, ಅದನ್ನು ಮತ್ತೆ ಮುಟ್ಟುವ ಮನಸ್ಸಿಲ್ಲ.

ಹವ್ಯಾಸಕ್ಕೆ ಬರೆಯುವುದು ಸಣ್ಣ ಕೆಲಸ ಎಂದು ನನಗೆ ಎಂದೂ ಅನ್ನಿಸಿಲ್ಲ. 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ಶುರು ಮಾಡಿದ ‘ರಾಶಿ’ (ಡಾ. ಎಂ. ಶಿವರಾಂ) ವೃತ್ತಿಯಿಂದ ವೈದ್ಯರು. ರೋಗಿಗಳನ್ನು ನೋಡುತ್ತಲೇ 25 ವರ್ಷ ಪತ್ರಿಕೆ ನಡೆಸಿದರು. ದಿನವಿಡೀ ಜನರ ನಡುವೆ ಇರುವವನಿಗೆ ಮಾತಿನ ವರಸೆ ತಾನಾಗಿ ಸಿಗುತ್ತದೆ. ನನಗೂ ಸಂಭಾಷಣೆ ಸಿಕ್ಕಿದ್ದು ಹೆಚ್ಚಾಗಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತವರ ಕಣ್ಣು ಅಡಿಕೆಯ ಮೇಲೆ, ಬಾಯಿ ಊರ ಮೇಲೆ. ಒಬ್ಬರ ಮುಖ ಒಬ್ಬರು ನೋಡದೆ ಆಡುವ ಆ ಮಾತಿಗೆ ಬೇರೆಯೇ ಲಯ.

ಮುಗಿಯದ್ದನ್ನು ನಾನು ಹರಿದು ಹಾಕುವುದಿಲ್ಲ. ಈ ಮಳೆಗಾಲದಲ್ಲಿ ಬಂಡೆಯ ಮೇಷ್ಟ್ರನ್ನು ಮಹಾಸಭೆಗೆ ಕರೆತಂದಿದ್ದೇನೆ. ಊರಿಗೊಂದು ಟವರ್ ಬೇಕೆಂದು ಠರಾವು ಮಾಡಿಸಲು ಅವರು ಬಂದಿದ್ದಾರೆ. ಅದು ಸಂಘದ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಾರ್ಯದರ್ಶಿ ಬೈಲಾ ತೆಗೆದು ಓದುತ್ತಿದ್ದಾರೆ. ಮೇಷ್ಟ್ರು ಕೂರುತ್ತಿಲ್ಲ. ‘ಇತರ ವಿಷಯಗಳು’ ಅಧ್ಯಾಯ ಮುಂದೆ ಸಾಗಿದೆ.