ಬೇಟೆ ರೈಫಲ್ಲಿನ ತೂಕ ಇಳಿಸುವುದು: ಮನೆಯಲ್ಲಿ ಆಗುವ ಕೆಲಸ, ಆಗದ ಕೆಲಸ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಅಕ್ಟೋಬರ್ ತಿಂಗಳ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆ ಎಂದರೆ ಬಹುಪಾಲು ನಡಿಗೆಯೇ. 3,000 ಮೀಟರ್ ಮೇಲೆ ದಿನವಿಡೀ ಏರಿಳಿದ ಮೇಲೆ ಭುಜದ ಮೇಲಿನ ಒಂದು ಕಿಲೋ ಹೆಚ್ಚೋ ಕಡಿಮೆಯೋ ಎನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿ ಬರೆದಿರುವುದು ರೆಮಿಂಗ್ಟನ್ 700 ರೈಫಲ್ಲಿನ ಲೆಕ್ಕ: ವಾಲ್‌ನಟ್ ಮರದ ಸ್ಟಾಕ್ (ನಳಿಗೆಯನ್ನು ಹೊತ್ತು ಭುಜಕ್ಕೆ ಒತ್ತಿ ಹಿಡಿಯುವ ಭಾಗ), .30-06 ಅಳತೆಯ ತೋಟಾ, 22 ಇಂಚಿನ ನಳಿಗೆ. 1962ರಲ್ಲಿ ಬಂದ ಮಾದರಿಯಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಬೇರೆ ಬೋಲ್ಟ್ ಆಕ್ಷನ್ (ಕೈಯಿಂದ ಅಗುಳಿ ಎಳೆದು ತೋಟಾ ತುಂಬುವ) ರೈಫಲ್ಲುಗಳಿಗೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಊರಿನಲ್ಲಿ ಓದುತ್ತಿರುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಗೆ ನಿಷೇಧವಿದೆ. ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇಟೆಗೆ ಅನ್ವಯಿಸುವುದಿಲ್ಲ. ಈ ಬರಹ ಕಾನೂನು ಪ್ರಕಾರ ಬೇಟೆಯಾಡುವ ದೇಶಗಳಲ್ಲಿ ಇರುವವರಿಗೆ.

ಉಪಕರಣ ಹಿಡಿಯುವ ಮುನ್ನ ತಕ್ಕಡಿ ಹಿಡಿಯಬೇಕು. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ರೈಫಲ್ ಖಾಲಿ ಮಾಡಿ, ತೋಟಾ ಕೂರುವ ಚೇಂಬರಿನೊಳಗೆ ಬೆರಳಿಟ್ಟು ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದು ಬೇರೆ ಕೋಣೆಯಲ್ಲಿಡಿ. ಆಮೇಲೆ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ತೂಗಿ ಬರೆದುಕೊಳ್ಳಿ. ಈ ರೈಫಲ್ಲಿನಲ್ಲಿ ಸಿಕ್ಕಿದ್ದು ಹೀಗೆ: ಬರಿಯ ರೈಫಲ್ ಸುಮಾರು 3.3 ಕೆಜಿ, ಅದರಲ್ಲಿ ಸ್ಟಾಕ್ ಒಂದೇ 1 ಕೆಜಿ ಹತ್ತಿರ. 4-16×50 ಸ್ಕೋಪ್ (4ರಿಂದ 16 ಪಟ್ಟು ಹಿಗ್ಗಿಸುವ, 50 ಮಿಮೀ ಮುಂಗಾಜಿನ ಗುರಿ ದುರ್ಬೀನು) 650 ಗ್ರಾಂ, ಅದನ್ನು ರೈಫಲ್ಲಿಗೆ ಹಿಡಿಸುವ ಉಕ್ಕಿನ ಬೇಸ್ ಮತ್ತು ರಿಂಗ್ 170, ಚರ್ಮದ ಪಟ್ಟಿ 180, ನಾಲ್ಕು ತೋಟಾ 110. ಒಟ್ಟು 4.4 ಕೆಜಿ. ಕಾಲು ಭಾಗಕ್ಕೂ ಹೆಚ್ಚು ತೂಕ ರೈಫಲ್ಲಿನದೇ ಅಲ್ಲ, ಅದರ ಮೇಲೆ ನಾವು ಹೇರಿದ್ದು.

ಹಾಗಾಗಿ ಮೊದಲು ಇಳಿಸಬೇಕಾದದ್ದು ಸ್ಕೋಪ್. 300 ಮೀಟರ್ ಒಳಗಿನ ಎಲ್ಕ್‌ಗೆ 16 ಪಟ್ಟು ಹಿಗ್ಗಿಸುವ ಗಾಜು ಬೇಕಿಲ್ಲ. ಲ್ಯೂಪೋಲ್ಡ್ 2.5-8×36 ಸುಮಾರು 323 ಗ್ರಾಂ, ಸ್ಥಿರ 6×36 ಸುಮಾರು 283 ಗ್ರಾಂ. ಬೇಸ್ ಮತ್ತು ರಿಂಗ್ ಒಂದೇ ತುಂಡಾಗಿರುವ ಅಲ್ಯೂಮಿನಿಯಂ ಜೋಡಿ 60 ಗ್ರಾಂ ಆಸುಪಾಸು. ಪಟ್ಟಿ ನೈಲಾನಿನದಾದರೆ 70. ಒಂದು ಸಂಜೆಯ ಈ ಕೆಲಸದಲ್ಲೇ ಅರ್ಧ ಕಿಲೋಗೂ ಹೆಚ್ಚು ಇಳಿಯುತ್ತದೆ, ಮರಕ್ಕೆ ಒಂದು ಗೀರೂ ಬೀಳುವುದಿಲ್ಲ. ಇಷ್ಟಕ್ಕೇ ನಿಲ್ಲಿಸುವವರಿದ್ದರೆ ನಾನು ಬೇಡ ಎನ್ನುವುದಿಲ್ಲ. ಸ್ಕೋಪ್ ಆರಿಸುವಾಗ ಕಣ್ಣಿಗೂ ಗಾಜಿಗೂ ಕನಿಷ್ಠ 90 ಮಿಮೀ ಅಂತರ ಸಿಗುತ್ತದೆಯೇ ನೋಡಿ. ಹಗುರ ರೈಫಲ್ ಜೋರಾಗಿ ಒದೆಯುತ್ತದೆ, ಅಂತರ ಕಡಿಮೆಯಿದ್ದರೆ ಹುಬ್ಬು ಸೀಳುತ್ತದೆ. ಅಲ್ಯೂಮಿನಿಯಂ ರಿಂಗಿನ ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ: ಬಿಗಿ ಅಳೆಯುವ ಟಾರ್ಕ್ ವ್ರೆಂಚಿನಿಂದ ಬೇಸಿಗೆ 20 ಇಂಚು-ಪೌಂಡ್, ಮೇಲಿನ ಮುಚ್ಚಳಕ್ಕೆ 15ರಿಂದ 17. ಹೊಸ ಬೇಸಿನ ಮುಂದಿನ ಸ್ಕ್ರೂ ಉದ್ದವಾದರೆ ಬೋಲ್ಟಿನ ತುದಿಯ ಉಬ್ಬಾದ ಲಗ್‌ಗೆ ತಾಗುತ್ತದೆ. ಬೋಲ್ಟ್ ಮುಚ್ಚುವಾಗ ಹೊಸದಾಗಿ ಬಿಗಿ ಕಂಡರೆ ಕಾರಣ ಬಹುತೇಕ ಅದೇ. ಸ್ಕ್ರೂವಿನ ತುದಿಯನ್ನು ಒಂದು ಸುತ್ತಿನಷ್ಟು ಅರದಿಂದ ತೇಯ್ದರೆ ಸರಿಯಾಗುತ್ತದೆ.

ಮುಂದಿನದು ಸ್ಟಾಕ್. ಇಲ್ಲಿ ಎರಡು ದಾರಿ: ಇರುವುದನ್ನು ಕೊರೆಯುವುದು ಅಥವಾ ಹಗುರವಾದದ್ದನ್ನು ತಂದು ಕೂರಿಸುವುದು.

ಕೊರೆಯುವುದಾದರೆ ಹಿಂಬದಿಯಲ್ಲಿ ಕೊರೆಯಿರಿ. ರಬ್ಬರ್ ಪ್ಯಾಡ್ ಬಿಚ್ಚಿ, 25 ಮಿಮೀ ಫಾರ್ಸ್ಟ್‌ನರ್ ಬಿಟ್ (ಚಪ್ಪಟೆ ತಳದ ರಂಧ್ರ ಕೊರೆಯುವ ಡ್ರಿಲ್ ಬಿಟ್) ಹಾಕಿ, ಸ್ಟಾಕಿನ ಉದ್ದಕ್ಕೆ 150 ಮಿಮೀ ಆಳದ ಎರಡು ರಂಧ್ರ. ಲೆಕ್ಕ ಸರಳ. ಒಂದು ರಂಧ್ರದಿಂದ ಹೊರಬರುವ ಮರ ಸುಮಾರು 74 ಘನ ಸೆಂಮೀ. ಒಣ ವಾಲ್‌ನಟ್ ಘನ ಸೆಂಮೀಗೆ 0.62 ಗ್ರಾಂ ಎಂದಿಟ್ಟುಕೊಂಡರೆ 46 ಗ್ರಾಂ, ಎರಡಕ್ಕೆ 92. ಸುತ್ತ ಎಲ್ಲ ಕಡೆಯೂ ಕನಿಷ್ಠ 8 ಮಿಮೀ ಮರ ಉಳಿಯಬೇಕು. ಪ್ಯಾಡಿನ ಸ್ಕ್ರೂ ಕಚ್ಚುವ ಜಾಗ ಮತ್ತು ಹಿಂದಿನ ಪಟ್ಟಿಯ ಕೊಂಡಿ ನಾಟಿರುವ ಜಾಗವನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ ಗಟ್ಟಿಯಾಗಿಯೇ ಬಿಡಿ. ಕೈ ಹಿಡಿಯುವ ಸಪೂರ ಭಾಗದ ಕಡೆಗೆ ರಂಧ್ರ ಯಾವ ಕಾರಣಕ್ಕೂ ಹೋಗಕೂಡದು. ಮರ ಸೀಳುವುದು ಅಲ್ಲಿಯೇ, ಏಕೆಂದರೆ ಒದೆಯ ಬಲವೆಲ್ಲ ಅಲ್ಲಿಂದಲೇ ಹಾದುಹೋಗುತ್ತದೆ. ಕೊರೆದ ಒಳಮೈಗೆ ತೆಳು ಎಪಾಕ್ಸಿ ಎರಡು ಸಲ ಬಳಿಯಿರಿ. ಬಳಿಯದಿದ್ದರೆ ಹಿಮದ ತೇವ ಹೀರಿ ಮರ ತಿರುಚಿಕೊಳ್ಳುತ್ತದೆ.

ಮುಂಬದಿಯಲ್ಲಿ, ನಳಿಗೆಯ ಕೆಳಗಿನ ಕಾಲುವೆಯಲ್ಲಿ ಇನ್ನೂ 40ರಿಂದ 50 ಗ್ರಾಂ ತೆಗೆಯಬಹುದು. ನಾನು ಆ ಕೆಲಸ ಮಾಡುವುದಿಲ್ಲ. ಮುಂಭಾಗ ಬಾಗುವಂತಾದರೆ, ಪಟ್ಟಿ ಬಿಗಿಹಿಡಿದು ಗುರಿಯಿಟ್ಟಾಗ ಮರ ನಳಿಗೆಗೆ ತಾಗಿ ಈಡು ಬೇರೆ ಕಡೆ ಹೋಗುತ್ತದೆ. ಜೊತೆಗೆ, ಹಗುರ ರೈಫಲ್ಲಿನ ಮುಂಭಾಗದಲ್ಲಿ ಒಂದಿಷ್ಟು ತೂಕ ಉಳಿದರೆ ಏದುಸಿರಿನಲ್ಲೂ ನಳಿಗೆ ಅಲುಗಾಡುವುದು ಕಡಿಮೆ.

ಎರಡನೆಯ ದಾರಿ ದುಬಾರಿ, ಆದರೆ ಫಲ ದೊಡ್ಡದು. ಕಾರ್ಬನ್ ಅಥವಾ ಕೆವ್ಲಾರ್ ನಾರಿನ ಸ್ಟಾಕ್ 600ರಿಂದ 700 ಗ್ರಾಂ ತೂಗುತ್ತದೆ. ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ 1980ರ ದಶಕದಲ್ಲಿ ತಮ್ಮ ಅಲ್ಟ್ರಾ ಲೈಟ್ ಆರ್ಮ್ಸ್ ಸಂಸ್ಥೆಯಿಂದ ಎರಡೂಕಾಲು ಕಿಲೋ ಆಸುಪಾಸಿನ ರೈಫಲ್ ಮಾಡಿ ತೋರಿಸಿದ್ದರಲ್ಲಿ ಇಂಥ ಸ್ಟಾಕಿನ ಪಾಲು ದೊಡ್ಡದು. ಹಗುರ ಸ್ಟಾಕಿನ ಒಳಗೆ ಇರುವುದು ನೊರೆ. ಲೋಹದ ಭಾಗವನ್ನು ಸ್ಟಾಕಿಗೆ ಹಿಡಿಸುವ ಆಕ್ಷನ್ ಸ್ಕ್ರೂ ಬಿಗಿದಾಗ ನೊರೆ ಅದುಮಿ ಹೋಗದಂತೆ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಪಿಲ್ಲರ್ (ಗಟ್ಟಿ ಕೊಳವೆ) ಇರಲೇಬೇಕು. ಇಲ್ಲದ ಸ್ಟಾಕನ್ನು ಕೊಳ್ಳಬೇಡಿ. ಹೊಸ ಪಿಲ್ಲರಿನ ಎತ್ತರ ಕಡಿಮೆಯಿದ್ದರೆ ಮುಂದಿನ ಆಕ್ಷನ್ ಸ್ಕ್ರೂ ಮೇಲೆ ಬಂದು ಬೋಲ್ಟಿಗೆ ತಡೆಯಾಗುತ್ತದೆ, ಅದನ್ನೂ ಪರೀಕ್ಷಿಸಿ.

ಸ್ಟಾಕ್ ಬದಲಿಸಿ ಹಾಗೇ ಬಿಗಿದರೆ ತೂಕವೇನೋ ಇಳಿಯುತ್ತದೆ, ಗುರಿ ಕೆಡುತ್ತದೆ. ಎಪಾಕ್ಸಿ ಬೆಡ್ಡಿಂಗ್, ಅಂದರೆ ಲೋಹದ ಭಾಗ ಕದಲದೆ ಕೂರುವಂತೆ ಸ್ಟಾಕಿನೊಳಗೆ ಎಪಾಕ್ಸಿಯ ಅಚ್ಚು, ಮಾಡಲೇಬೇಕು. ಅದರಿಂದ ಸೇರುವ 30–40 ಗ್ರಾಂ ಬಗ್ಗೆ ಜಿಪುಣತನ ಬೇಡ. ಮರೀನ್-ಟೆಕ್ಸ್ ಅಥವಾ ಡೆವ್ಕಾನ್ ಸ್ಟೀಲ್ ಪುಟ್ಟಿ ಎರಡೂ ಚೆನ್ನಾಗಿವೆ. ರಿಸೀವರ್ (ನಳಿಗೆಯ ಹಿಂದೆ ಬೋಲ್ಟ್ ಓಡಾಡುವ ಲೋಹದ ಗೂಡು) ಕೂರುವ ಜಾಗವನ್ನು 2 ಮಿಮೀ ಆಳಕ್ಕೆ ಕೆರೆದು ಒರಟಾಗಿಸಿ. ನಾರಿನ ಸ್ಟಾಕಾದರೆ ಧೂಳು ಶ್ವಾಸಕೋಶಕ್ಕೆ ಹೋಗದಂತೆ ಒಳ್ಳೆಯ ಮಾಸ್ಕ್ ಹಾಕಿ. ಟ್ರಿಗರ್ ಬಿಚ್ಚಿಡಿ. ಲೋಹಕ್ಕೆ ಬಣ್ಣವಿಲ್ಲದ ಬೂಟ್ ಪಾಲಿಶ್ ಎರಡು ಸಲ ಬಳಿದು ಒಣಗಿಸಿ. ಸ್ಕ್ರೂ ತೂತು, ಬೋಲ್ಟ್ ಸ್ಟಾಪ್, ಟ್ರಿಗರ್ ಕಂಡಿ ಎಲ್ಲವನ್ನೂ ಮಕ್ಕಳ ಜೇಡಿಯಿಂದ ಮುಚ್ಚಿ. ಎಪಾಕ್ಸಿ ನುಗ್ಗಿ ಗಟ್ಟಿಯಾದರೆ ರೈಫಲ್ ಸ್ಟಾಕಿನಿಂದ ಮತ್ತೆ ಬೇರೆಯಾಗುವುದಿಲ್ಲ. ರಿಸೀವರ್ ಕೆಳಗೆ ಚಾಚಿರುವ ರೀಕಾಯ್ಲ್ ಲಗ್‌ನ ಮುಂಭಾಗ, ಎರಡು ಬದಿ ಮತ್ತು ತಳಕ್ಕೆ ವಿದ್ಯುತ್ ಟೇಪ್ ಅಂಟಿಸಿ, ಹಿಂಭಾಗಕ್ಕೆ ಬೇಡ. ಒದೆಯನ್ನು ಹೊರುವುದು ಆ ಹಿಂಭಾಗ ಮಾತ್ರ. ಉಳಿದ ಕಡೆ ಕೂದಲೆಳೆಯಷ್ಟು ಜಾಗವಿದ್ದರೆ ರೈಫಲ್ ಬಿಚ್ಚಿ ಜೋಡಿಸಿದರೂ ಅದೇ ಸ್ಥಾನಕ್ಕೆ ಬರುತ್ತದೆ.

ಎಪಾಕ್ಸಿ ತುಂಬಿ ರಿಸೀವರ್ ಇಳಿಸಿದ ಮೇಲೆ ಸ್ಕ್ರೂ ಬಿಗಿದು ಎಳೆಯಬೇಡಿ. ತಲೆಯಿಲ್ಲದ 1/4-28 (ಕಾಲು ಇಂಚು ದಪ್ಪ, ಇಂಚಿಗೆ 28 ಸುತ್ತಿನ) ಕಡ್ಡಿಗಳಿಂದ ದಾರಿ ತೋರಿಸಿ, ರಬ್ಬರ್ ಕೊಳವೆ ಸುತ್ತಿ ಹಿಡಿಸಿದರೆ ಸಾಕು. ಬಿಗಿದು ಎಳೆದರೆ ರಿಸೀವರ್ ಬಾಗಿದ ಭಂಗಿಯಲ್ಲೇ ಎಪಾಕ್ಸಿ ಅಚ್ಚಾಗುತ್ತದೆ. 21 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 24 ಗಂಟೆ ಬಿಡಿ, ಗ್ಯಾರೇಜು ತಣ್ಣಗಿದ್ದರೆ ಇನ್ನೂ ಹೆಚ್ಚು. ಒಣಗಿದ ಮೇಲೆ ಸ್ಕ್ರೂ ಬಿಗಿದು, ನಳಿಗೆ ಮತ್ತು ಸ್ಟಾಕಿನ ತುದಿಗೆ ಡಯಲ್ ಗೇಜ್ ಹಚ್ಚಿ ಮುಂದಿನ ಸ್ಕ್ರೂ ನಿಧಾನ ಸಡಿಲಿಸಿ. ಮುಳ್ಳು 0.05 ಮಿಮೀಗಿಂತ ಹೆಚ್ಚು ಸರಿದರೆ ಒತ್ತಡ ಉಳಿದಿದೆ, ಕೆರೆದು ಮತ್ತೆ ಮಾಡಬೇಕು. ಕೊನೆಯ ಬಿಗಿ ಪಿಲ್ಲರಿದ್ದರೆ 45ರಿಂದ 65 ಇಂಚು-ಪೌಂಡ್ ಒಳಗೆ, ಸ್ಟಾಕ್ ಮಾಡಿದವರು ಹೇಳಿದಷ್ಟು.

ನಳಿಗೆ, ಬೋಲ್ಟ್, ರಿಸೀವರ್, ಟ್ರಿಗರ್ ಇವು ನಾಲ್ಕು ಮನೆಯ ಕೆಲಸವಲ್ಲ. ನಳಿಗೆಯ ತುದಿಯಿಂದ ಎರಡು ಇಂಚು ಕಡಿಸಿದರೆ ಇಳಿಯುವುದು 50 ಗ್ರಾಂ ಆಸುಪಾಸು, ಗುಂಡಿನ ವೇಗ ಇಂಚಿಗೆ ಸೆಕೆಂಡಿಗೆ 20–30 ಅಡಿ ಕಡಿಮೆಯಾಗುತ್ತದೆ. ಅಷ್ಟಕ್ಕೆ ಗನ್‌ಸ್ಮಿತ್ ಹತ್ತಿರ ಹೋಗುವುದು ನನಗೆ ಲಾಭವೆನಿಸುವುದಿಲ್ಲ. ಹೊರಮೈ ತೇಯ್ದು ಸಪೂರ ಮಾಡಿದರೆ ಲೋಹದೊಳಗಿನ ಬಿಗಿತ ಬಿಡುಗಡೆಯಾಗಿ ತುದಿಯಲ್ಲಿ ರಂಧ್ರವೇ ಅಗಲವಾಗಬಹುದು. 700ರ ಬೋಲ್ಟಿನ ಹಿಡಿ ಬೆಸುಗೆ ಹಾಕಿ ಕೂರಿಸಿದ್ದು, ಕೊರೆಯುವ ಬಿಸಿಗೆ ಬೆಸುಗೆ ಸಡಿಲವಾಗುವ ಅಪಾಯವಿದೆ.

ಸ್ಕೋಪ್, ರಿಂಗ್, ಪಟ್ಟಿ, ಹೊಸ ಸ್ಟಾಕ್ ಎಲ್ಲ ಸೇರಿ, ತೋಟಾ ಸಮೇತ 3.6 ಕೆಜಿಗೆ ಬಂದು ನಿಲ್ಲುತ್ತದೆ. ಒದೆ ಏರುತ್ತದೆ: 180 ಗ್ರೇನ್ (ಸುಮಾರು 11.7 ಗ್ರಾಂ) ಗುಂಡಿಗೆ 22 ಜೌಲ್ ಇದ್ದದ್ದು 27ರ ಹತ್ತಿರ. 150 ಗ್ರೇನಿನ ತಾಮ್ರದ ಗುಂಡಿಗೆ ಬದಲಾಯಿಸಿದರೆ ಅದು 24ಕ್ಕೆ ಇಳಿಯುತ್ತದೆ, ಎಲ್ಕ್‌ಗೆ ಆ ಗುಂಡು ಸಾಲುತ್ತದೆ. ಗುರಿ ಹೊಂದಿಸುವಾಗ ಮೂರು ಈಡು ಹೊಡೆದು ನಳಿಗೆಯನ್ನು ಪೂರ್ತಿ ತಣ್ಣಗಾಗಲು ಬಿಡಿ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಈಡು. ಇಪ್ಪತ್ತು ತೋಟಾ ಮುಗಿದ ಮೇಲೆ ಆಕ್ಷನ್ ಸ್ಕ್ರೂಗಳನ್ನು ಇನ್ನೊಮ್ಮೆ ಟಾರ್ಕ್ ವ್ರೆಂಚಿನಿಂದ ನೋಡಿ. ಹೊಸ ಬೆಡ್ಡಿಂಗ್ ಕೂತುಕೊಳ್ಳುವಾಗ ಅವು ಸ್ವಲ್ಪ ಸಡಿಲವಾಗುತ್ತವೆ.