ಕಡಿಮೆ ದುಡ್ಡಲ್ಲಿ ತಿಂಗಳುಗಟ್ಟಲೆ ಸುತ್ತಾಟ: ಹಾಸನ, ಚಿಕ್ಕಮಗಳೂರು ಕಡೆ ಎಲ್ಲಿ ಮನೆ ಮಾಡೋದು?

ಎರಡು ದಿನಕ್ಕೆ ಬಂದು ಹೋಗುವವರು ಎಲ್ಲಿ ಉಳಿದರೂ ನಡೆಯುತ್ತದೆ. ಎರಡು ಮೂರು ತಿಂಗಳು ಇದ್ದು ನಿಧಾನಕ್ಕೆ ಸುತ್ತಬೇಕು, ಕೈಯಲ್ಲಿರುವುದು ತಿಂಗಳಿಗೆ 15,000 ರೂಪಾಯಿ ಆಸುಪಾಸು ಅಂದರೆ ಲೆಕ್ಕಾಚಾರವೇ ಬೇರೆ. ಆಗ ನೋಡುವ ಜಾಗ ಒಂದು, ಇರುವ ಜಾಗ ಇನ್ನೊಂದು ಅಂತ ಬೇರೆ ಮಾಡಿಕೊಳ್ಳಿ. ಮುಳ್ಳಯ್ಯನಗಿರಿ ಇಷ್ಟ ಅಂತ ಗಿರಿ ತಪ್ಪಲಲ್ಲೇ ರೂಮು ಹಿಡಿದರೆ ಒಂದು ತಿಂಗಳ ದುಡ್ಡು ಒಂದೇ ವಾರದಲ್ಲಿ ಖಾಲಿಯಾಗುತ್ತದೆ.

ಈ ಎರಡು ಜಿಲ್ಲೆಗಳಲ್ಲಿ ಒಂದು ದೊಡ್ಡ ಅನುಕೂಲ ಇದೆ. ಪೂರ್ವಕ್ಕೆ ಬಯಲುಸೀಮೆ, ಪಶ್ಚಿಮಕ್ಕೆ ಮಲೆನಾಡು. ಅರಸೀಕೆರೆ, ಕಡೂರು ಕಡೆ ತೆಂಗಿನ ತೋಟ, ರಾಗಿ ಹೊಲ. ಅಲ್ಲಿಂದ ಬಸ್ಸಲ್ಲಿ ಒಂದೆರಡು ಗಂಟೆ ಪಶ್ಚಿಮಕ್ಕೆ ಬಂದರೆ ಕಾಫಿ ತೋಟ, ಏಲಕ್ಕಿ, ಮೆಣಸಿನ ಬಳ್ಳಿ, ಕಾಡು. ಬಾಡಿಗೆ, ಊಟ, ಓಡಾಟ ಬಯಲುಸೀಮೆ ಕಡೆ ಅಗ್ಗ. ಹೋಮ್‌ಸ್ಟೇ ಹೆಚ್ಚಿದ ಕಡೆಯೆಲ್ಲ ಬಾಡಿಗೆಯೂ ಏರಿದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಎರಡೂ ಸೀಮೆ ಕೂಡುವ ಅಂಚಲ್ಲಿ ಇರಿ, ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬನ್ನಿ.

ಊರು ಆರಿಸುವಾಗ ಮೊದಲು ನೋಡಬೇಕಾದ್ದು ಬಸ್ ಸ್ಟ್ಯಾಂಡ್. ಸುಮ್ನೆ ಬೋರ್ಡ್ ನೋಡಿ ಬರಬೇಡಿ. ಕೆಎಸ್‌ಆರ್‌ಟಿಸಿ ನಿಲ್ದಾಣದ ಕಂಟ್ರೋಲರ್ ಹತ್ತಿರ ಹೋಗಿ, ನೀವು ನೋಡಬೇಕು ಅಂದುಕೊಂಡಿರುವ ನಾಲ್ಕೈದು ಜಾಗದ ಹೆಸರು ಹೇಳಿ, ಅಲ್ಲಿಂದ ವಾಪಸ್ ಬರುವ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಿ. ಹೋಗುವ ಬಸ್ಸು ಎಲ್ಲರಿಗೂ ಸಿಗುತ್ತದೆ, ಬರುವ ಬಸ್ಸೇ ಕಷ್ಟ. ಕೊನೇ ಬಸ್ ತಪ್ಪಿ ಮಲೆನಾಡಲ್ಲಿ ಆಟೋ ಅಥವಾ ಜೀಪು ಮಾಡಿಸಿಕೊಂಡು ಬಂದರೆ ಆ ವಾರದ ಊಟದ ದುಡ್ಡು ಅಲ್ಲೇ ಹೋಯಿತು. ಹಳ್ಳಿಯಲ್ಲೇ ಮನೆ ನೋಡುತ್ತಿದ್ದೀರಾ? ಹಾಗಾದರೆ ಹಾಲ್ಟಿಂಗ್ ಬಸ್ ಇದೆಯಾ ಅಂತ ಕೇಳಿ. ರಾತ್ರಿ ಬಂದು ಊರಲ್ಲೇ ತಂಗಿ ಬೆಳಿಗ್ಗೆ ಬೇಗ ಪೇಟೆಗೆ ಹೊರಡುವ ಬಸ್ಸು ಅದು. ಹಾಲ್ಟಿಂಗ್ ಬಸ್ ಇದ್ದರೆ ಗಾಡಿ ಇಲ್ಲದವರೂ ಆ ಹಳ್ಳಿಯಲ್ಲಿ ಬದುಕಬಹುದು.

ಹೀಗೆ ನೋಡಿದರೆ ಮೊದಲ ತಿಂಗಳಿಗೆ ನಾನು ಹೇಳುವುದು ಬೇಲೂರು. ಜನ ಚೆನ್ನಕೇಶವನ ದೇವಸ್ಥಾನ ನೋಡಿ, ಫೋಟೋ ತೆಗೆದುಕೊಂಡು, ಅವತ್ತೇ ಹೊರಟುಬಿಡುತ್ತಾರೆ. ಸಂಜೆಯಾದರೆ ಅದು ಮತ್ತೆ ಸಾಮಾನ್ಯ ತಾಲ್ಲೂಕು ಪೇಟೆ: ತರಕಾರಿ ಅಂಗಡಿ, ಮೆಸ್, ಸೈಕಲ್ ಶಾಪ್. ಹಳೇಬೀಡು 16 ಕಿಲೋಮೀಟರ್, ಚಿಕ್ಕಮಗಳೂರು ಸುಮಾರು 25, ಹಾಸನ 40ರ ಒಳಗೆ. ಮೂಡಿಗೆರೆ, ಸಕಲೇಶಪುರಕ್ಕೂ ರಸ್ತೆ ಇದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಹೋಗಲು ಟಿಕೆಟ್ ಇಲ್ಲ. ಅಲ್ಲೇ ಇರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ಒಂದು ಕಡೆಯ ಮದನಿಕೆಯರನ್ನು (ಕಲ್ಲಲ್ಲಿ ಕೆತ್ತಿದ ಬಾಲೆಯರನ್ನು) ನೋಡಿ, ಇನ್ನೊಂದು ದಿನ ಸಂಜೆ ಇನ್ನೊಂದು ಕಡೆಯವರನ್ನು ನೋಡಬಹುದು. ಟೂರಿಸ್ಟ್ ಬಸ್ಸಲ್ಲಿ ಬಂದವರಿಗೆ ಆ ಭಾಗ್ಯ ಇಲ್ಲ ಅಲ್ವಾ?

ವಯಸ್ಸಾದವರು ಜೊತೆಗಿದ್ದರೆ, ಇಲ್ಲವೇ ಆಗಾಗ ಬೆಂಗಳೂರು, ಮೈಸೂರಿಗೆ ಹೋಗಬೇಕಿದ್ದರೆ ಹಾಸನವೇ ವಾಸಿ. ರೈಲು ನಾಲ್ಕು ದಿಕ್ಕಿಗೂ ಇದೆ: ಅರಸೀಕೆರೆ, ಮೈಸೂರು, ಮಂಗಳೂರು, ಶ್ರವಣಬೆಳಗೊಳದ ಮೇಲೆ ಬೆಂಗಳೂರು. ಸರ್ಕಾರಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಊರೊಳಗೇ ಇದೆ. ಕಾಲೇಜು ಜಾಸ್ತಿ ಇರುವುದರಿಂದ ಪಿಜಿ, ಮೆಸ್ ಸುಲಭವಾಗಿ ಸಿಗುತ್ತವೆ. ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲದಂಥ ಸಣ್ಣ ಹೊಯ್ಸಳ ಗುಡಿಗಳನ್ನು ಹಾಸನದಲ್ಲಿ ಇದ್ದುಕೊಂಡೇ ನೋಡಬೇಕು. ಅಲ್ಲಿ ಜನಜಂಗುಳಿ ಇರುವುದಿಲ್ಲ.

ಈಗ ಮಳೆ ವಿಷಯ. ಇದನ್ನು ಸ್ವಲ್ಪ ಗಮನಕೊಟ್ಟು ಓದಿ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಿಮೆ ದುಡ್ಡಲ್ಲಿ ಇರುವವರು ಕಡೂರು, ಬೀರೂರು, ಅರಸೀಕೆರೆ ಕಡೆ ಇರುವುದೇ ಸರಿ. ಮೂರೂ ಊರು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ಕಡೂರಲ್ಲಿ ಇದ್ದರೆ ತರೀಕೆರೆ ಹತ್ತಿರದ ಅಮೃತಾಪುರದ ಹೊಯ್ಸಳ ಗುಡಿ, ಸಖರಾಯಪಟ್ಟಣದ ಅಯ್ಯನಕೆರೆ, ಬಿಸಿಲು ಬಿದ್ದ ದಿನ ಕಲ್ಲತ್ತಿಗಿರಿ ಜಲಪಾತ, ಎಲ್ಲ ಕೈಗೆಟುಕುತ್ತವೆ. ಮಳೆ ಜೋರಾದರೆ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ರೈಲೂ ನಿಲ್ಲುತ್ತದೆ. ಅಂಥ ದಿನಗಳಲ್ಲಿ ಮೇಲೆ ಸಿಕ್ಕಿಹಾಕಿಕೊಂಡರೆ ಖರ್ಚು ನಿಮ್ಮ ಕೈಲಿ ಇರುವುದಿಲ್ಲ.

ಇಲ್ಲ, ನಾನು ಮಲೆನಾಡಿನ ಮಳೆಯನ್ನೇ ನೋಡಬೇಕು ಅನ್ನುತ್ತೀರಾ? ಸಂತೋಷ, ಅದು ನೋಡಲೇಬೇಕಾದ್ದು. ಆದರೆ ಮನೆ ನೋಡುವಾಗ ಬೀರು ಸ್ವಲ್ಪ ಸರಿಸಿ ಹಿಂದಿನ ಗೋಡೆ ನೋಡಿ. ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ ಇದ್ದರೆ ಮಳೆಗಾಲದಲ್ಲಿ ನಿಮ್ಮ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಅದೇ ಗತಿ. ಗೋಡೆಯ ಬುಡದಲ್ಲಿ ಸುಣ್ಣ ಉದುರಿದೆಯಾ, ಕೈಯಿಟ್ಟು ನೋಡಿ. ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ ಇರಬೇಕು. ಬಚ್ಚಲಲ್ಲಿ ಹಂಡೆ ಒಲೆ ಇದೆಯಾ, ಬರೀ ಗೀಸರಾ ಅಂತಲೂ ಕೇಳಿ, ಯಾಕೆಂದರೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೂ ಹಂಡೆ ನೀರು ಕಾಯುತ್ತದೆ, ಒಲೆ ಮೇಲಿನ ಹಗ್ಗದಲ್ಲಿ ಬಟ್ಟೆಯೂ ಒಣಗುತ್ತದೆ. ಫೋನಿನಲ್ಲಿ, ಲ್ಯಾಪ್‌ಟಾಪಲ್ಲಿ ಕೆಲಸ ಮಾಡುವವರು ನೆಟ್‌ವರ್ಕನ್ನು ಅಂಗಳದಲ್ಲಿ ನಿಂತು ನೋಡಬೇಡಿ, ಒಳಗೆ ಕೂತು ಕೆಲಸ ಮಾಡುವ ಜಾಗದಲ್ಲೇ ನೋಡಿ.

ಎಸ್ಟೇಟ್ ಒಳಗಿನ ಹಳೇ ಮನೆ ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಸಕಲೇಶಪುರ, ಆಲೂರು, ಮೂಡಿಗೆರೆ, ಬೇಲೂರಿನ ಬಿಕ್ಕೋಡು, ಅರೇಹಳ್ಳಿ ಕಡೆ ಆನೆ ಓಡಾಟ ಇದೆ. ತೋಟದ ಕೆಲಸದವರು ಜೀವ ಕಳೆದುಕೊಂಡಿರುವ ಸೀಮೆ ಅದು. ಅರಣ್ಯ ಇಲಾಖೆಯಿಂದ ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತದೆ, ನಿಮ್ಮ ನಂಬರನ್ನೂ ಸೇರಿಸಲು ಮನೆಯವರಿಗೆ ಹೇಳಿ. ನಸುಕಲ್ಲಿ, ಕತ್ತಲಲ್ಲಿ ತೋಟದ ದಾರಿಯಲ್ಲಿ ನಡೆಯಬೇಡಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಬೇಸಿಗೆಯಲ್ಲಿ ಕಾಡು ಸುತ್ತುವವರು ಮಂಗನ ಕಾಯಿಲೆ ಬಗ್ಗೆ ಎಚ್ಚರ ವಹಿಸಿ. ಅದು ಮೈಗೆ ಕಚ್ಚುವ ಉಣ್ಣೆ (ಉಣುಗು) ಹುಳದಿಂದ ಬರುವ ಕಾಯಿಲೆ. ಕಾಡಿಂದ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಹಾಕಿದ್ದ ಬಟ್ಟೆ ಒಗೆಯಿರಿ. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕೂರದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ದುಡ್ಡಿನ ಲೆಕ್ಕ ಹೀಗಿರಲಿ: 15,000ದಲ್ಲಿ ಬಾಡಿಗೆ, ಕರೆಂಟ್ ಸೇರಿ 5,000 ದಾಟಬಾರದು. ಊಟಕ್ಕೆ 5,000. ಓಡಾಟಕ್ಕೆ 2,500. ಉಳಿದಿದ್ದನ್ನು ಮುಟ್ಟಬೇಡಿ, ಅದು ಜ್ವರಕ್ಕೋ ತುರ್ತಿಗೋ ಬೇಕು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಶೂನ್ಯ ಟಿಕೆಟ್, ಆಧಾರ್ ಜೊತೆಯಲ್ಲಿರಲಿ. ಆದರೆ ಕೊಪ್ಪ, ಶೃಂಗೇರಿ ಕಡೆ ಪ್ರೈವೇಟ್ ಬಸ್ಸುಗಳೂ ತುಂಬಾ ಓಡುತ್ತವೆ, ಅವುಗಳಲ್ಲಿ ದುಡ್ಡು ಕೊಡಲೇಬೇಕು. ಒಂಟಿ ಹೆಣ್ಣುಮಗಳು ಸುತ್ತಾಡುತ್ತಿದ್ದರೆ ಸರ್ಕಾರಿ ಬಸ್ಸು ಹೆಚ್ಚಿರುವ ಹಾಸನ, ಬೇಲೂರು, ಅರಸೀಕೆರೆ ಕಡೆ ತಿಂಗಳ ಖರ್ಚೇ ಕಡಿಮೆಯಾಗುತ್ತದೆ.

ಒಂದು ಹೊತ್ತಾದರೂ ಮನೆಯಲ್ಲೇ ಅಡುಗೆ ಮಾಡಿ. 5 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರ್ ತಗೊಳ್ಳಲು ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಸಂತೆ ದಿನ ಯಾವುದು ಅಂತ ಕೇಳಿಕೊಂಡು ವಾರದ ತರಕಾರಿ ಅಲ್ಲೇ ತನ್ನಿ. ಇಂದಿರಾ ಕ್ಯಾಂಟೀನ್ ಇರುವ ಊರಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಶೃಂಗೇರಿ, ಹೊರನಾಡಿನಲ್ಲಿ ಹೋದವರಿಗೆಲ್ಲ ಪ್ರಸಾದದ ಊಟ ಇದೆ. ಹೋದ ದಿನ ಉಂಡು, ಕೈಲಾದ ಕಾಣಿಕೆ ಹಾಕಿ ಬನ್ನಿ. ತಿಂಗಳ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ, ಅದು ಭಕ್ತರ ಅನ್ನ.

ಯಾವಾಗ ಬರಬಾರದು ಅನ್ನುವುದೂ ಮುಖ್ಯ. ದೀಪಾವಳಿ ಹೊತ್ತಿಗೆ ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಹಾಸನದಲ್ಲಿ ಲಾಡ್ಜ್ ಸಿಗುವುದೇ ಕಷ್ಟ. ಡಿಸೆಂಬರ್‌ನ ದತ್ತ ಜಯಂತಿ ದಿನಗಳಲ್ಲಿ ಬಾಬಾಬುಡನ್‌ಗಿರಿ ಕಡೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ಯುಗಾದಿ ಕಳೆದ ಮೇಲೆ ಬೇಲೂರಿನ ರಥೋತ್ಸವ. ಮೊದಲೇ ಊರಲ್ಲಿ ಇದ್ದರೆ ಹಬ್ಬ, ಆಗ ರೂಮು ಹುಡುಕಲು ಬಂದರೆ ಪಾಡು. ಶನಿವಾರ, ಭಾನುವಾರ ಗಿರಿ ಹತ್ತಬೇಡಿ. ತಿಂಗಳಿಡೀ ಇರುವವರಿಗೆ ಮಂಗಳವಾರ ಇದ್ದೇ ಇದೆಯಲ್ಲ.

ಮನೆ ಸಿಕ್ಕ ಮೇಲೆ ಮಾಲೀಕರು 11 ತಿಂಗಳ ಕರಾರು ಕೇಳುತ್ತಾರೆ. ಮೂರು ತಿಂಗಳಿಗೇ ಬಿಡುತ್ತೇವೆ ಅಂತ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಕೆಲವರು ಒಪ್ಪಲ್ಲ, ಮಹಡಿ ಮೇಲೆ ಒಂದು ರೂಮು ಸುಮ್ನೆ ಖಾಲಿ ಬಿಟ್ಟಿರುವವರು ಒಪ್ಪುತ್ತಾರೆ. ಅಂಥ ಮನೆ ಗೊತ್ತಿರುವುದು ಬ್ರೋಕರಿಗಿಂತ ಜಾಸ್ತಿ ದಿನಸಿ ಅಂಗಡಿಯವರಿಗೆ, ಮೆಸ್‌ನವರಿಗೆ. ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿದುಕೊಳ್ಳುತ್ತಾರೆ, ಎರಡನ್ನೂ ಬರೆಸಿಕೊಳ್ಳಿ. ಅದಕ್ಕೂ ಮೊದಲು ಒಂದು ವಾರ ಅದೇ ಊರಿನ ಲಾಡ್ಜಲ್ಲಿ ಇರಿ. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತದೆ, ಕೊನೇ ಬಸ್ ನಿಜವಾಗಿ ಎಷ್ಟೊತ್ತಿಗೆ ಬರುತ್ತದೆ ಅನ್ನುವುದನ್ನು ನೀವೇ ನೋಡಿದ ಮೇಲೆ ಅಡ್ವಾನ್ಸ್ ಕೊಡಿ.