ಆಕಾಶ ತೋರಿಸುವಾಗ ನಾನು ಆರಿಸಿಕೊಳ್ಳುವ ಮಾತುಗಳು

ಟೆಲಿಸ್ಕೋಪ್ ಇಟ್ಟುಕೊಂಡು ಜನರಿಗೆ ಆಕಾಶ ತೋರಿಸುವುದು ನನ್ನ ಹವ್ಯಾಸ. ಇದರಲ್ಲಿ ಲೆನ್ಸ್ ಜೋಡಿಸುವುದಕ್ಕಿಂತ ಮಾತು ಜೋಡಿಸುವ ಕೆಲಸವೇ ಜಾಸ್ತಿ. ನಾನು ಹೇಗೆ ಹೇಳುತ್ತೇನೋ ಹಾಗೇ ಪ್ರಶ್ನೆಗಳೂ ತಿರುಗಿ ಬರುತ್ತವೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ನೋಡಿ. ಕತ್ತಲಾದ ಮೇಲೆ ಕೆಲವೊಮ್ಮೆ ಅದು ಮಿನುಗದೆ, ಒಂದೇ ಸಮನೆ ಬೆಳಗುತ್ತಾ ತಲೆ ಮೇಲೆ ಹಾದುಹೋಗುತ್ತದೆ. ‘ಅದರೊಳಗೆ ಗಗನಯಾತ್ರಿಗಳು ತೇಲುತ್ತಿದ್ದಾರೆ’ ಅಂದರೆ, ‘ಹೌದು, ಅಲ್ಲಿ ಗುರುತ್ವಾಕರ್ಷಣೆ ಇಲ್ವಲ್ಲ’ ಅಂತ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಅಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಶೇ 90ರಷ್ಟು ಇದ್ದೇ ಇದೆ. ಅದಕ್ಕೇ ನಾನು ‘ಅವರು ಬೀಳ್ತಾ ಇದ್ದಾರೆ’ ಅನ್ನುತ್ತೇನೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಆಮೇಲೆ ಯಾರಾದರೂ, ಹೆಚ್ಚಾಗಿ ಮಕ್ಕಳೇ, ‘ಮತ್ತೆ ನೆಲಕ್ಕೆ ಯಾಕೆ ಬಡಿಯಲ್ಲ?’ ಅಂತ ಕೇಳುತ್ತಾರೆ. ನನಗೆ ಬೇಕಾದ ಪ್ರಶ್ನೆಯೇ ಅದು! ಕಲ್ಲು ಎಸೆದರೆ ಸ್ವಲ್ಪ ದೂರ ಹೋಗಿ ಬೀಳುತ್ತದೆ, ಜೋರಾಗಿ ಎಸೆದರೆ ಇನ್ನೂ ದೂರ, ಅದೇ ಗಾಳಿಯ ಅಡ್ಡಿ ಇಲ್ಲದಷ್ಟು ಎತ್ತರದಿಂದ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಎಸೆದರೆ ಅದು ಬಿದ್ದಷ್ಟೂ ಕೆಳಗಿನ ಭೂಮಿ ಬಾಗುತ್ತಾ ಹೋಗುತ್ತದೆ, ನೆಲ ಸಿಗುವುದೇ ಇಲ್ಲ. ಹೀಗೆ ಬೀಳುತ್ತಲೇ ನಿಲ್ದಾಣ ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತದೆ.

ದೂರದ ಕಥೆಯೂ ಹೀಗೇ. ಶನಿ ನೂರು ಕೋಟಿ ಕಿ.ಮೀ.ಗೂ ಆಚೆ ಇದೆ ಅಂದರೆ ‘ಅಬ್ಬಾ’ ಅಂತಾರೆ, ಅಷ್ಟೇ. ‘ನಿಮ್ಮ ಕಣ್ಣಿಗೆ ಬಿದ್ದಿರೋ ಈ ಬೆಳಕು ಅಲ್ಲಿಂದ ಹೊರಟು ಒಂದು ಗಂಟೆಗೂ ಜಾಸ್ತಿ ಆಯ್ತು’ ಅಂದು ನೋಡಿ, ‘ಹಾಗಾದ್ರೆ ಈಗ ಅದು ಅಲ್ಲೇ ಇದೆಯಾ?’ ಅಂತ ಶುರುವಾಗುತ್ತದೆ. ಅಲ್ಲಿಂದ ಆಂಡ್ರೊಮಿಡಾ ಗೆಲಾಕ್ಸಿಗೆ, ಅಂದರೆ ಸುಮಾರು 25 ಲಕ್ಷ ವರ್ಷದ ಹಳೇ ಬೆಳಕಿಗೆ ಹೋಗುವುದು ಸುಲಭ.

‘ಮೇಲೆ ನೋಡಿ’ ಅನ್ನುವುದನ್ನೂ ಆದಷ್ಟು ಬಿಟ್ಟಿದ್ದೇನೆ. ಎಲ್ಲರನ್ನೂ ಅಂಗಾತ ಮಲಗಿಸಿ, ‘ಭೂಮಿ ನಿಮ್ಮ ಬೆನ್ನ ಹಿಂದೆ ಇದೆ, ನೀವು ಅದಕ್ಕೆ ಅಂಟಿಕೊಂಡು ಹೊರಗೆ ನೋಡ್ತಾ ಇದ್ದೀರಿ’ ಅನ್ನುತ್ತೇನೆ. ಒಂದಿಬ್ಬರು ತಮಗೇ ಗೊತ್ತಿಲ್ಲದೆ ಕೈಗೆ ಸಿಕ್ಕ ಹುಲ್ಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಕೆಲವರಿಗೆ ತಲೆ ಸುತ್ತುವುದೂ ಉಂಟು, ಅಂಥವರಿಗೆ ಒತ್ತಾಯ ಮಾಡಲ್ಲ.

ಸೂರ್ಯ ಹುಟ್ಟಿದ, ಮುಳುಗಿದ ಅನ್ನುವುದನ್ನು ಮಾತ್ರ ತಿದ್ದಲು ಹೋಗುವುದಿಲ್ಲ. ಎಲ್ಲ ಗೊತ್ತಿರುವ ನಾನೂ ಹಾಗೇ ಹೇಳುತ್ತೇನೆ, ಸುಮ್ನೆ ಯಾಕೆ ತಲೆ ತಿನ್ನಬೇಕು ಅಲ್ವಾ?